ಎರಡು ಮೆಮೊರಿ ಕಾರ್ಡ್‌ಗಳ ಕ್ಯಾಮೆರಾ: ವ್ಯವಹಾರದ ದೃಷ್ಟಿಯಿಂದ ಒಂದು ವಿವೇಚನೆ

ಬಿಲ್ಲು ಪುಸ್ತಕದಲ್ಲಿ ಕಾರ್ಬನ್ ಹಾಳೆಯಿಟ್ಟು ಬರೆಯುವ ಪದ್ಧತಿ ವ್ಯಾಪಾರಸ್ಥರಿಗೆ ಹೊಸದಲ್ಲ. ಮೂಲ ಪ್ರತಿ ಗ್ರಾಹಕನ ಕೈ ಸೇರುತ್ತದೆ, ನಕಲು ಅಂಗಡಿಯಲ್ಲಿ ಉಳಿಯುತ್ತದೆ. ಬರೆಯುವ ಗಳಿಗೆಯಲ್ಲಿಯೇ ಎರಡನೆಯ ಪ್ರತಿಯೂ ಸಿದ್ಧವಾಗುವುದು ಈ ಪದ್ಧತಿಯ ಹೆಚ್ಚುಗಾರಿಕೆ. ಸಂಜೆ ಅಂಗಡಿ ಮುಚ್ಚುವ ಮುನ್ನ ನಕಲು ಮಾಡಿಕೊಂಡರಾಯಿತು ಎಂದು ಅನುಭವಿ ವ್ಯಾಪಾರಿ ಮುಂದೂಡುವುದಿಲ್ಲ. ಡಿಜಿಟಲ್ ಕ್ಯಾಮೆರಾಗಳಲ್ಲಿ ಎರಡು ಮೆಮೊರಿ ಕಾರ್ಡ್‌ಗಳಿಗೆ ಸ್ಥಳ ಕಲ್ಪಿಸಿರುವುದರ ಹಿಂದೆ ಇರುವುದೂ ಇದೇ ತತ್ವ.

ಛಾಯಾಚಿತ್ರವು ಇಂದು ಸ್ಟುಡಿಯೋ ಮಾಲೀಕರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಸರಕನ್ನು ಕಂಟೇನರಿಗೆ ತುಂಬುವ ಹಂತಗಳನ್ನು ರಫ್ತುದಾರರು ಚಿತ್ರೀಕರಿಸಿಟ್ಟುಕೊಳ್ಳುತ್ತಾರೆ. ಗೋದಾಮಿನಲ್ಲಿ ನೀರು ನುಗ್ಗಿದರೆ ಅಥವಾ ಬೆಂಕಿ ತಗುಲಿದರೆ ವಿಮಾ ಸರ್ವೇಯರ್ ಬರುವುದಕ್ಕೆ ಮುನ್ನ ತೆಗೆದ ಚಿತ್ರಗಳು ಪರಿಹಾರದ ಅರ್ಜಿಗೆ ಬಲ ನೀಡುತ್ತವೆ. ಸಣ್ಣ ಕೈಗಾರಿಕೆಗಳು ತಮ್ಮ ಉತ್ಪನ್ನಗಳ ಕ್ಯಾಟಲಾಗಿಗೂ ಯಂತ್ರದ ದೋಷಗಳ ದಾಖಲೆಗೂ ಕ್ಯಾಮೆರಾವನ್ನೇ ಅವಲಂಬಿಸಿವೆ. ಆದುದರಿಂದ ಈ ವಿಷಯವನ್ನು ಲೆಕ್ಕಾಚಾರದ ಕಣ್ಣಿನಿಂದ ಪರಿಶೀಲಿಸುವುದು ಉಚಿತ.

ನಷ್ಟದ ಸ್ವರೂಪ

ಕ್ಯಾಟಲಾಗಿನ ಚಿತ್ರ ಕಳೆದುಹೋದರೆ ಮರುದಿನ ಮತ್ತೊಮ್ಮೆ ತೆಗೆಯಬಹುದು. ಆಗುವ ನಷ್ಟ ಅರ್ಧ ದಿನದ ಶ್ರಮ. ಆದರೆ ಮದುವೆಯ ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ. ಧಾರೆ ಎರೆದ ತಂದೆತಾಯಿಯರನ್ನು, ದೂರದೂರುಗಳಿಂದ ಬಂದು ಅಕ್ಷತೆ ಹಾಕಿದ ಹಿರಿಯರನ್ನು ಪುನಃ ಮಂಟಪದಲ್ಲಿ ಸೇರಿಸುವುದು ಯಾರಿಂದಲೂ ಸಾಧ್ಯವಿಲ್ಲ. ಅಂತೆಯೇ ತೆರವುಗೊಳಿಸಿದ ಗೋದಾಮಿನ ಹಾನಿಯನ್ನಾಗಲಿ, ಬಂದರಿನಿಂದ ಹೊರಟುಹೋದ ಕಂಟೇನರಿನ ಒಳಭಾಗವನ್ನಾಗಲಿ ಮತ್ತೆ ಚಿತ್ರೀಕರಿಸಲಾಗದು. ಇಂತಹ ನಷ್ಟಕ್ಕೆ ಹಣದಿಂದ ಪೂರ್ಣ ಪರಿಹಾರವಿಲ್ಲ. ಆದರೂ ಹಣದ ಹೊಣೆ ತಪ್ಪುವುದಿಲ್ಲ.

ಮೆಮೊರಿ ಕಾರ್ಡ್ ಕೆಡಲು ಹಲವು ಕಾರಣಗಳಿವೆ. ಒಳಗಿನ ನಿಯಂತ್ರಕ ಚಿಪ್ ವಿಫಲವಾಗಬಹುದು, ಲೋಹದ ಸಂಪರ್ಕ ಬಿಂದುಗಳು ಸವೆಯಬಹುದು, ಚಿತ್ರ ದಾಖಲಾಗುತ್ತಿರುವಾಗಲೇ ಕಾರ್ಡನ್ನು ಹೊರತೆಗೆದುದರಿಂದ ಕಡತಗಳ ಸೂಚಿ ಹಾಳಾಗಬಹುದು. ಇವುಗಳ ಜೊತೆಗೆ ನಕಲಿ ಕಾರ್ಡ್‌ಗಳ ಹಾವಳಿಯೂ ಇದೆ. ಕಡಿಮೆ ಸಾಮರ್ಥ್ಯದ ಚಿಪ್ಪಿಗೆ ಹೆಚ್ಚಿನ ಸಾಮರ್ಥ್ಯದ ಮುದ್ರೆ ಒತ್ತಿ ಮಾರುವುದುಂಟು. ಅಂತಹ ಕಾರ್ಡ್ ಮೊದಲು ಸರಿಯಾಗಿಯೇ ಕೆಲಸ ಮಾಡುತ್ತದೆ; ನಿಜವಾದ ಮಿತಿ ದಾಟಿದ ನಂತರ ಯಾವ ಎಚ್ಚರಿಕೆಯನ್ನೂ ನೀಡದೆ ಚಿತ್ರಗಳನ್ನು ಕಳೆದುಹಾಕುತ್ತದೆ. ತಯಾರಕರು ನೀಡುವ ವಾರಂಟಿಯ ಮೇರೆಗೆ ಸಾಮಾನ್ಯವಾಗಿ ಹೊಸ ಕಾರ್ಡ್ ದೊರೆಯುತ್ತದೆಯೇ ಹೊರತು ಕಳೆದ ಚಿತ್ರಗಳಿಗೆ ಪರಿಹಾರ ದೊರೆಯುವುದಿಲ್ಲ.

ವ್ಯವಸ್ಥೆ ಬೆಳೆದು ಬಂದ ಬಗೆ

ಎರಡು ಕಾರ್ಡ್‌ಗಳ ಸೌಲಭ್ಯ ಆರಂಭದಲ್ಲಿ ದುಬಾರಿ ಕ್ಯಾಮೆರಾಗಳಿಗೆ ಮೀಸಲಾಗಿತ್ತು. 2004ರ ಕ್ಯಾನನ್ ಇಓಎಸ್-1ಡಿ ಮಾರ್ಕ್ 2 ಮಾದರಿಯಲ್ಲಿ ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಹಾಗೂ ಒಂದು ಎಸ್‌ಡಿ ಕಾರ್ಡಿಗೆ ಅವಕಾಶವಿತ್ತು. 2007ರ ನಿಕಾನ್ ಡಿ3ರಲ್ಲಿ ಎರಡು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ಗಳನ್ನು ಬಳಸಬಹುದಾಗಿತ್ತು. 2010ರ ನಿಕಾನ್ ಡಿ7000 ಎರಡು ಎಸ್‌ಡಿ ಕಾರ್ಡ್‌ಗಳ ಸೌಲಭ್ಯವನ್ನು ಮಧ್ಯಮ ದರ್ಜೆಯ ಕ್ಯಾಮೆರಾಕ್ಕೂ ತಂದಿತು. 2018ರಲ್ಲಿ ನಿಕಾನ್ ಸಂಸ್ಥೆಯ ಝಡ್6 ಮತ್ತು ಝಡ್7 ಹಾಗೂ ಕ್ಯಾನನ್ ಸಂಸ್ಥೆಯ ಇಓಎಸ್ ಆರ್ ಮಾದರಿಗಳು ಒಂದೇ ಕಾರ್ಡಿನ ವ್ಯವಸ್ಥೆಯೊಡನೆ ಬಂದಾಗ ವೃತ್ತಿನಿರತರಿಂದ ವ್ಯಾಪಕ ಆಕ್ಷೇಪ ವ್ಯಕ್ತವಾಯಿತು. 2020ರಲ್ಲಿ ಬಂದ ಝಡ್6 2, ಝಡ್7 2, ಇಓಎಸ್ ಆರ್5 ಮತ್ತು ಆರ್6 ಮಾದರಿಗಳಲ್ಲಿ ಎರಡು ಕಾರ್ಡ್‌ಗಳಿಗೆ ಸ್ಥಳ ನೀಡಲಾಯಿತು. ಗ್ರಾಹಕರ ಬೇಡಿಕೆ ಉತ್ಪಾದನೆಯನ್ನು ಹೇಗೆ ತಿದ್ದಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ.

ಬಳಕೆಯ ವಿಧಾನಗಳು

ಕ್ಯಾಮೆರಾದಲ್ಲಿ ಎರಡು ಕಾರ್ಡ್‌ಗಳಿದ್ದ ಮಾತ್ರಕ್ಕೆ ಎರಡು ಪ್ರತಿಗಳು ತಾವಾಗಿಯೇ ಸಿದ್ಧವಾಗುವುದಿಲ್ಲ. ಮೆನುವಿನಲ್ಲಿ ಆಯ್ಕೆ ಮಾಡಬೇಕಾದ ವಿಧಾನಗಳು ಮುಖ್ಯವಾಗಿ ನಾಲ್ಕು.

1. ಮುಂದುವರಿಕೆ ವಿಧಾನ: ಮೊದಲನೆಯ ಕಾರ್ಡ್ ತುಂಬಿದ ನಂತರ ಚಿತ್ರಗಳು ಎರಡನೆಯದರಲ್ಲಿ ದಾಖಲಾಗುತ್ತವೆ. ಸ್ಥಳಾವಕಾಶ ಇಮ್ಮಡಿಯಾಗುತ್ತದೆ, ಸುರಕ್ಷತೆ ಹೆಚ್ಚುವುದಿಲ್ಲ. ಹಲವು ಕ್ಯಾಮೆರಾಗಳು ಕಾರ್ಖಾನೆಯಿಂದ ಬರುವಾಗ ಇದೇ ವಿಧಾನದಲ್ಲಿರುತ್ತವೆ ಎಂಬುದನ್ನು ಗಮನಿಸಬೇಕು.

2. ನಕಲು ವಿಧಾನ: ಪ್ರತಿಯೊಂದು ಚಿತ್ರವೂ ಏಕಕಾಲದಲ್ಲಿ ಎರಡೂ ಕಾರ್ಡ್‌ಗಳಲ್ಲಿ ದಾಖಲಾಗುತ್ತದೆ. ಕಾರ್ಬನ್ ಹಾಳೆಗೆ ಹೋಲಿಸಬಹುದಾದ ವಿಧಾನ ಇದೊಂದೇ.

3. ಪ್ರತ್ಯೇಕ ವಿಧಾನ: ಸಂಸ್ಕರಿಸದ ರಾ ಕಡತ ಒಂದರಲ್ಲಿ, ಜೆಪೆಗ್ ಚಿತ್ರ ಇನ್ನೊಂದರಲ್ಲಿ ಉಳಿಯುತ್ತವೆ. ರಾ ಕಾರ್ಡ್ ಕೆಟ್ಟರೂ ಮುದ್ರಣಕ್ಕೆ ಯೋಗ್ಯವಾದ ಜೆಪೆಗ್ ಉಳಿದಿರುತ್ತದೆ. ಸ್ಥಳವನ್ನೂ ಸುರಕ್ಷತೆಯನ್ನೂ ಸರಿದೂಗಿಸುವ ಮಧ್ಯಮ ಮಾರ್ಗವಿದು.

4. ವಿಭಜನೆ ವಿಧಾನ: ಸ್ಥಿರಚಿತ್ರಗಳು ಒಂದರಲ್ಲಿ, ವಿಡಿಯೋ ಇನ್ನೊಂದರಲ್ಲಿ ದಾಖಲಾಗುತ್ತವೆ. ಕಡತಗಳನ್ನು ಬೇರ್ಪಡಿಸುವ ಅನುಕೂಲವಿದೆ, ಯಾವುದಕ್ಕೂ ನಕಲಿಲ್ಲ.

ನಕಲು ವಿಧಾನ ಸ್ಥಿರಚಿತ್ರಗಳಿಗೆ ಲಭ್ಯವಿದ್ದರೂ ವಿಡಿಯೋಗೆ ಲಭ್ಯವಿಲ್ಲದಿರುವ ಕ್ಯಾಮೆರಾಗಳೂ ಇವೆ. ಖರೀದಿಗೆ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ವೇಗ ಮತ್ತು ಸಾಮರ್ಥ್ಯದ ಲೆಕ್ಕ

ಜೋಡೆತ್ತಿನ ಗಾಡಿ ನಿಧಾನವಾದ ಎತ್ತಿನ ಹೆಜ್ಜೆಗೆ ಅನುಗುಣವಾಗಿ ಸಾಗುತ್ತದೆ. ನಕಲು ವಿಧಾನದಲ್ಲಿಯೂ ಹಾಗೆಯೇ. ಎರಡು ಕಾರ್ಡ್‌ಗಳಲ್ಲಿ ನಿಧಾನವಾದುದರ ವೇಗವೇ ಕ್ಯಾಮೆರಾದ ವೇಗವಾಗುತ್ತದೆ. ಎಸ್‌ಡಿ ಕಾರ್ಡ್‌ಗಳಲ್ಲಿ ಯುಎಚ್‌ಎಸ್-1 ವರ್ಗದ ಗರಿಷ್ಠ ವೇಗ ಸೆಕೆಂಡಿಗೆ 104 ಮೆಗಾಬೈಟ್, ಯುಎಚ್‌ಎಸ್-2 ವರ್ಗದ್ದು 312 ಮೆಗಾಬೈಟ್. ಕಾರ್ಡಿನ ಮೇಲೆ ಮುದ್ರಿತವಾದ ವಿ30, ವಿ60, ವಿ90 ಗುರುತುಗಳು ಅನುಕ್ರಮವಾಗಿ ಸೆಕೆಂಡಿಗೆ 30, 60 ಮತ್ತು 90 ಮೆಗಾಬೈಟ್‌ಗಳ ಕನಿಷ್ಠ ದಾಖಲೆ ವೇಗವನ್ನು ಸೂಚಿಸುತ್ತವೆ. ಸೋನಿ ಎ7 3 ಮಾದರಿಯಂತಹ ಕೆಲವು ಕ್ಯಾಮೆರಾಗಳಲ್ಲಿ ಎರಡು ಸ್ಥಳಗಳ ಪೈಕಿ ಒಂದು ಮಾತ್ರ ಯುಎಚ್‌ಎಸ್-2 ವೇಗವನ್ನು ಬೆಂಬಲಿಸುತ್ತದೆ. ಅಂತಹ ಕ್ಯಾಮೆರಾದಲ್ಲಿ ನಕಲು ವಿಧಾನಕ್ಕೆಂದು ಎರಡು ದುಬಾರಿ ಕಾರ್ಡ್‌ಗಳನ್ನು ಕೊಂಡರೆ ಹೆಚ್ಚುವರಿ ಹಣ ವ್ಯರ್ಥವಾಗುತ್ತದೆ.

ಸಾಮರ್ಥ್ಯದ ವಿಷಯದಲ್ಲಿಯೂ ಇದೇ ನಿಯಮ. ಒಂದು ರಾ ಕಡತಕ್ಕೆ ಸುಮಾರು 30 ಮೆಗಾಬೈಟ್ ಎಂದಿಟ್ಟುಕೊಂಡರೆ 2,000 ಚಿತ್ರಗಳಿಗೆ 60 ಗಿಗಾಬೈಟ್ ಬೇಕು. 64 ಗಿಗಾಬೈಟ್ ಕಾರ್ಡ್ ಇದಕ್ಕೆ ಅಂಚಿನಲ್ಲಿ ಸಾಲುತ್ತದೆ. 128 ಗಿಗಾಬೈಟಿನ ಎರಡು ಕಾರ್ಡ್‌ಗಳು ಸೂಕ್ತ. ಒಂದು 128, ಇನ್ನೊಂದು 64 ಇದ್ದರೆ ಚಿಕ್ಕದು ತುಂಬಿದೊಡನೆ ನಕಲು ಕಾರ್ಯ ಮುಂದುವರಿಯಲಾರದು.

ವೆಚ್ಚ ಮತ್ತು ಲಾಭ

ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನಿಟ್ಟು ಲೆಕ್ಕ ಹಾಕಿಕೊಳ್ಳಬಹುದು. ಒಂದು ಸ್ಟುಡಿಯೋ ವರ್ಷಕ್ಕೆ 50 ಸಮಾರಂಭಗಳನ್ನು ಒಪ್ಪಿಕೊಳ್ಳುತ್ತದೆ, ಪ್ರತಿಯೊಂದಕ್ಕೂ ರೂ. 60,000 ಶುಲ್ಕ ಪಡೆಯುತ್ತದೆ ಎಂದು ಭಾವಿಸೋಣ. ಒಂದು ಕಾರ್ಡಿನ ಕ್ಯಾಮೆರಾಕ್ಕಿಂತ ಎರಡು ಕಾರ್ಡಿನದಕ್ಕೆ ರೂ. 40,000 ಹೆಚ್ಚು ಬೆಲೆ, ಐದು ವರ್ಷ ಬಾಳಿಕೆ ಎಂದಾದರೆ ಪ್ರತಿ ಸಮಾರಂಭಕ್ಕೆ ಬೀಳುವ ವೆಚ್ಚ ರೂ. 160. ಎರಡನೆಯ ಕಾರ್ಡಿಗೆ ರೂ. 2,000, ಮೂರು ವರ್ಷ ಬಾಳಿಕೆ ಎಂದರೆ ಇನ್ನೂ ಸುಮಾರು ರೂ. 13. ಒಟ್ಟು ರೂ. 173.

ಈ ರೂ. 173 ಶುಲ್ಕದ ಶೇಕಡಾ 0.3ಕ್ಕಿಂತಲೂ ಕಡಿಮೆ. ಸುಮಾರು 347 ಸಮಾರಂಭಗಳಲ್ಲಿ, ಅಂದರೆ ಏಳು ವರ್ಷಗಳಲ್ಲಿ, ಒಮ್ಮೆ ಕಾರ್ಡ್ ಕೈಕೊಟ್ಟು ಶುಲ್ಕ ಹಿಂದಿರುಗಿಸಬೇಕಾದರೂ ಹೆಚ್ಚುವರಿ ವೆಚ್ಚ ಸರಿಹೋಗುತ್ತದೆ. ಪರಿಹಾರದ ಮೊತ್ತವನ್ನೂ ಕೈತಪ್ಪುವ ಮುಂದಿನ ಗ್ರಾಹಕರನ್ನೂ ಈ ಲೆಕ್ಕದಲ್ಲಿ ಸೇರಿಸಿಲ್ಲ. ಇನ್ನು ಮತ್ತೆ ತೆಗೆಯಬಹುದಾದ ಉತ್ಪನ್ನ ಚಿತ್ರಗಳಿಗಷ್ಟೇ ಕ್ಯಾಮೆರಾ ಬಳಸುವ ಕಾರ್ಖಾನೆಗೆ ಈ ವೆಚ್ಚ ಅನಗತ್ಯ ಎನ್ನುವುದನ್ನೂ ಒಪ್ಪಬೇಕು.

ಕಾನೂನು ಮತ್ತು ಲೆಕ್ಕಪತ್ರ

ಚಿತ್ರಗಳನ್ನು ಒಪ್ಪಿಸಲಾಗದ ಸ್ಟುಡಿಯೋ ವಿರುದ್ಧ ಸೇವಾ ನ್ಯೂನತೆಯ ಆಧಾರದ ಮೇಲೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೂರು ಸಲ್ಲಿಸಲು ಅವಕಾಶವಿದೆ. ಒಪ್ಪಂದದಲ್ಲಿ ಹೊಣೆಯ ಮಿತಿಯನ್ನು ನಮೂದಿಸುವ ರೂಢಿಯಿದೆ. ಆದರೆ ಗ್ರಾಹಕನ ಹಕ್ಕಿಗೆ ಗಣನೀಯ ಧಕ್ಕೆ ತರುವ ಏಕಪಕ್ಷೀಯ ಷರತ್ತನ್ನು ಪ್ರಶ್ನಿಸಲು ಅದೇ ಅಧಿನಿಯಮ ಎಡೆ ಮಾಡಿಕೊಡುತ್ತದೆ. ಷರತ್ತಿನ ಬಲವನ್ನೇ ನಂಬಿ ಎಚ್ಚರಿಕೆಯನ್ನು ಕೈಬಿಡುವುದು ಜಾಣತನವಲ್ಲ.

ಉದ್ಯಮಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 57ನೆಯ ಪ್ರಕರಣದ ವಿವರಣೆಯಂತೆ, ವಿದ್ಯುನ್ಮಾನ ದಾಖಲೆಯೊಂದು ಏಕಕಾಲದಲ್ಲಿ ಅಥವಾ ಒಂದರ ನಂತರ ಒಂದರಂತೆ ಹಲವು ಕಡತಗಳಲ್ಲಿ ಸಂಗ್ರಹವಾದರೆ ಅಂತಹ ಪ್ರತಿಯೊಂದು ಕಡತವೂ ಪ್ರಾಥಮಿಕ ಸಾಕ್ಷ್ಯ. ನಕಲು ವಿಧಾನದಲ್ಲಿ ತೆಗೆದ ಚಿತ್ರಕ್ಕೆ ಈ ವಿವರಣೆ ನೇರವಾಗಿ ಹೊಂದುತ್ತದೆ ಎಂದು ವಾದಿಸಬಹುದು. 63ನೆಯ ಪ್ರಕರಣದ ಮೇರೆಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಆದುದರಿಂದ ವಿಮೆ ಅಥವಾ ರಫ್ತು ವಿವಾದಕ್ಕೆ ಸಂಬಂಧಿಸಿದ ಚಿತ್ರಗಳನ್ನು ತಿದ್ದದೆ, ಒಂದು ಕಾರ್ಡನ್ನು ಇದ್ದ ಸ್ಥಿತಿಯಲ್ಲಿಯೇ ಲಕೋಟೆಯಲ್ಲಿ ಮುಚ್ಚಿಟ್ಟು ದಿನಾಂಕ ಬರೆದಿಡುವುದು ಕ್ಷೇಮ.

ಲೆಕ್ಕಪತ್ರದಲ್ಲಿ ಕ್ಯಾಮೆರಾವನ್ನು ಸ್ಥಿರಾಸ್ತಿಯೆಂದೂ ಅಲ್ಪ ಬೆಲೆಯ ಕಾರ್ಡ್‌ಗಳನ್ನು ಆ ವರ್ಷದ ವೆಚ್ಚವೆಂದೂ ತೋರಿಸುವುದು ಸಾಮಾನ್ಯ ರೂಢಿ. ಕ್ಯಾಮೆರಾದ ಮೇಲೆ ತೆತ್ತ ಜಿಎಸ್‌ಟಿಯನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆದರೆ ಆ ತೆರಿಗೆಯ ಹೂಡುವಳಿ ಜಮೆ ದೊರೆಯುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಕಾಪಾಡಬೇಕು. ಹಾಳಾದ ಸರಕಿನ ಲೆಕ್ಕಕ್ಕೆ ಆಧಾರವಾದ ಚಿತ್ರಗಳನ್ನೂ ಅಷ್ಟೇ ಕಾಲ ಉಳಿಸಿಕೊಳ್ಳುವುದು ವಿವೇಕ.

ಮಿತಿಗಳು ಮತ್ತು ಮುನ್ನೆಚ್ಚರಿಕೆ

ಎರಡು ಕಾರ್ಡ್‌ಗಳೂ ಒಂದೇ ಕ್ಯಾಮೆರಾದೊಳಗೆ ಇರುವವರೆಗೆ ರಕ್ಷಣೆ ಅಪೂರ್ಣ. ಕ್ಯಾಮೆರಾ ಕಳುವಾದರೆ, ನೀರಿಗೆ ಬಿದ್ದರೆ ಎರಡೂ ಹೋದಂತೆಯೇ. ಮೂಲ ಬಿಲ್ಲನ್ನೂ ನಕಲನ್ನೂ ಒಂದೇ ಚೀಲದಲ್ಲಿಟ್ಟು ಬಸ್ಸಿನಲ್ಲಿ ಮರೆತಂತಾಗುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ ಇಲ್ಲಿ ಮಾರ್ಗದರ್ಶಿ: ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು.

ಇದನ್ನು ಅನುಸರಿಸಿ ಕೆಳಗಿನ ಕ್ರಮಗಳನ್ನು ರೂಢಿಸಿಕೊಳ್ಳಬಹುದು:

* ಕಾರ್ಡ್‌ಗಳನ್ನು ತೆರಿಗೆ ಬಿಲ್ಲಿನೊಡನೆ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. ಮೊದಲ ಬಳಕೆಗೆ ಮುನ್ನ ಪೂರ್ತಿ ತುಂಬಿಸಿ, ಎಲ್ಲ ಕಡತಗಳೂ ತೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು.

* ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಮತ್ತು ಕೊಂಡ ದಿನಾಂಕ ಬರೆದು, ಸಣ್ಣ ವಹಿಯೊಂದರಲ್ಲಿ ನಮೂದಿಸಬೇಕು. ಒಮ್ಮೆ ದೋಷ ತೋರಿದ ಕಾರ್ಡನ್ನು ಮತ್ತೆ ಬಳಸಬಾರದು.

* ಕೆಲಸ ಆರಂಭಿಸುವ ಮುನ್ನ ಒಂದು ಚಿತ್ರ ತೆಗೆದು, ಅದು ಎರಡೂ ಕಾರ್ಡ್‌ಗಳಲ್ಲಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

* ಕೆಲಸ ಮುಗಿದೊಡನೆ ಎರಡು ಕಾರ್ಡ್‌ಗಳನ್ನೂ ಹೊರತೆಗೆದು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ವಶದಲ್ಲಿರಿಸಬೇಕು.

* ಕಂಪ್ಯೂಟರಿಗೂ ಹೊರಗಿನ ಡಿಸ್ಕಿಗೂ ಪ್ರತಿ ಮಾಡಿ, ತೆರೆದು ನೋಡಿದ ನಂತರವೇ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟನ್ನು ಕ್ಯಾಮೆರಾದಲ್ಲಿಯೇ ಮಾಡುವುದು ಮೇಲು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಬಂಡವಾಳ ಬೇಕಿಲ್ಲ; ಶಿಸ್ತು ಬೇಕು. ಎರಡು ಕಾರ್ಡ್‌ಗಳ ಕ್ಯಾಮೆರಾ ಕೊಂಡು ಮುಂದುವರಿಕೆ ವಿಧಾನದಲ್ಲಿಯೇ ಬಳಸುವವರು ಕಾರ್ಬನ್ ಹಾಳೆ ಕೊಂಡು ಮೇಜಿನ ಖಾನೆಯಲ್ಲಿಟ್ಟಂತೆ. ಕ್ಯಾಮೆರಾ ಈಗಾಗಲೇ ಕೈಯಲ್ಲಿದ್ದರೆ ಅದರ ಮೆನುವನ್ನು ಇಂದೇ ಒಮ್ಮೆ ತೆರೆದು, ಯಾವ ವಿಧಾನದಲ್ಲಿದೆ ಎಂದು ನೋಡಿಕೊಳ್ಳುವುದು ಈ ದಿಸೆಯಲ್ಲಿ ಮೊದಲ ಹೆಜ್ಜೆ.