ಹಿತ್ತಿಲ ಗೂಡು ಮತ್ತು ಕ್ಯಾಮೆರಾ



ಮಸ್ಕತ್ತಿನ ನಮ್ಮ ಹಿತ್ತಿಲುಗಳಲ್ಲಿ, ಕೆಲವೊಮ್ಮೆ ಏಸಿ ಪೆಟ್ಟಿಗೆಯ ಮೇಲೆಯೇ, ಸಂಸಾರ ಹೂಡುವ ಹಕ್ಕಿ ಬೆಳವ. ನಮ್ಮ ಬಯಲುಸೀಮೆಯಲ್ಲಿ ಕಾಣುವ, ಎದೆಯ ಮೇಲೆ ಕರಿಚುಕ್ಕೆಗಳುಳ್ಳ ಅದೇ ಪುಟ್ಟ ಹಕ್ಕಿ. ಒಂದಿಷ್ಟು ಕಡ್ಡಿಗಳ ಗೂಡು, ಎರಡು ಬಿಳಿಯ ಮೊಟ್ಟೆ. ಸುಮಾರು ಎರಡು ವಾರಗಳಲ್ಲಿ ಮರಿ, ಮತ್ತೆರಡು ವಾರಗಳಲ್ಲಿ ಹಾರಾಟ. ಮನುಷ್ಯರಿಗೆ ಅಷ್ಟಾಗಿ ಅಂಜದ ಇದರ ಚಿತ್ರ ತೆಗೆಯುವುದು ಸುಲಭ; ಅಪಾಯವಿರುವುದೂ ಅಲ್ಲಿಯೇ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಚಿತ್ರಗಳಿಗಾಗಿ ತಾಸುಗಟ್ಟಲೆ ಕಾದವರು. ಆದರೆ ಮಲೆನಾಡಿನ ತಂಪು ಇಲ್ಲಿಲ್ಲ. ಕಾವು ಎಂದರೆ ಮೊಟ್ಟೆಯನ್ನು ಬೆಚ್ಚಗಿಡುವುದೆಂದು ನಾವು ಕಲಿತಿದ್ದೇವೆ. ಒಮಾನಿನಲ್ಲಿ ಮೇ, ಜೂನ್ ತಿಂಗಳ 45 ಡಿಗ್ರಿಯ ಮಧ್ಯಾಹ್ನಗಳಲ್ಲಿ ಹಕ್ಕಿ ಕುಳಿತಿರುವುದು ನೆರಳಾಗಿ! ಭ್ರೂಣಕ್ಕೆ ಹಿತವಾದ ಶಾಖ 37–38 ಡಿಗ್ರಿ. 42ನ್ನು ಮೀರಿದರೆ ಅದು ಬಹುಕಾಲ ತಾಳದು. ಆ ಹೊತ್ತಿನಲ್ಲಿ ಕುಳಿತಿರುವುದು ಸಾಮಾನ್ಯವಾಗಿ ಗಂಡು. ಮೊಟ್ಟೆಗಳ ಚಿತ್ರಕ್ಕೆಂದು ಅದನ್ನು ಎಬ್ಬಿಸಿದರೆ, ನೇರ ಬಿಸಿಲಿನಲ್ಲಿ ಕೆಲವೇ ನಿಮಿಷಗಳು ಮಾರಕವಾಗಬಹುದು.

ಅಡ್ಡಬಂದ ರೆಂಬೆಯನ್ನು ಕತ್ತರಿಸುವುದಂತೂ ಅಕ್ಷಮ್ಯ. ನಮಗೆ ಗೂಡು ನಿಚ್ಚಳವಾಗಿ ಕಂಡಂತೆ ಕಾಗೆಗೂ ಬೆಕ್ಕಿಗೂ ಕಾಣುತ್ತದೆ.

ಬೆಳಗಿನ ಹೊತ್ತು, ಅಡುಗೆಮನೆಯ ಕಿಟಕಿಯ ಪರದೆಯ ಹಿಂದೆ, ಫ್ಲ್ಯಾಶ್ ಇಲ್ಲದೆ, ದೂರದ ಮಸೂರದಿಂದ ತೆಗೆಯುವುದೇ ಲೇಸು. ತಂದೆತಾಯಿಗಳಿಬ್ಬರ ಗಂಟಲಚೀಲದಲ್ಲೂ ಹಾಲಿನಂಥ ಆಹಾರ ಊರುತ್ತದೆ. ಮರಿ ತನ್ನ ಕೊಕ್ಕನ್ನು ಅವರ ಬಾಯೊಳಗಿಟ್ಟು ಅದನ್ನು ಹೀರುತ್ತದೆ. ಮಕ್ಕಳಿಗೆ ತೋರಿಸಲು ಬರಿಯ ಮೊಟ್ಟೆಗಳಿಗಿಂತ ಆ ಚಿತ್ರ ಎಷ್ಟೋ ಮೇಲು. ಅದಕ್ಕೆ ಯಾರನ್ನೂ ಎಬ್ಬಿಸಬೇಕಾಗಿಲ್ಲ.