ಐವತ್ತೆರಡು ವಾರಗಳ ಲೆಕ್ಕ: ಎಮ್ಮಾ ರಾಡುಕಾನು ಮತ್ತು ಟೆನಿಸ್ ವೃತ್ತಿ

2021ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಬ್ರಿಟನ್ನಿನ 18 ವರ್ಷದ ಎಮ್ಮಾ ರಾಡುಕಾನು ಅಮೆರಿಕ ಓಪನ್ ಮಹಿಳಾ ಸಿಂಗಲ್ಸ್ ಕಿರೀಟ ಗೆದ್ದರು. ಫೈನಲ್‌ನಲ್ಲಿ ಅವರು 6–4, 6–3ರಿಂದ ಸೋಲಿಸಿದ್ದು ಕೆನಡಾದ 19 ವರ್ಷದ ಲೇಲಾ ಫರ್ನಾಂಡಿಸ್ ಅವರನ್ನು. 1968ರಲ್ಲಿ ವೃತ್ತಿಪರರಿಗೆ ಗ್ರ್ಯಾನ್‌ಸ್ಲಾಮ್ ಬಾಗಿಲು ತೆರೆದ ಮೇಲೆ, ಅರ್ಹತಾ ಸುತ್ತಿನಿಂದ ಬಂದು ಸಿಂಗಲ್ಸ್ ಗೆದ್ದವರು ಗಂಡಸರಲ್ಲೂ ಹೆಂಗಸರಲ್ಲೂ ಅದುವರೆಗೆ ಒಬ್ಬರೂ ಇರಲಿಲ್ಲ. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಅವರ ವಿಶ್ವ ಕ್ರಮಾಂಕ 83ಕ್ಕೆ ಇಳಿದಿತ್ತು. 2023ರಲ್ಲಿ ಅದೇ ಟೂರ್ನಿಯಲ್ಲಿ ಆಡಲೂ ಆಗಲಿಲ್ಲ.

ಗೆಲುವು ತಲೆಗೇರಿತು, ಜಾಹೀರಾತು ಹೆಚ್ಚಾಯಿತು ಎಂದು ಹಲವರು ಸುಲಭವಾಗಿ ತೀರ್ಪು ಕೊಟ್ಟುಬಿಟ್ಟರು. ಈ ಏರಿಳಿತ ಅರ್ಥವಾಗಬೇಕಾದರೆ ಟೆನಿಸ್ ತನ್ನ ಆಟಗಾರರನ್ನು ಅಳೆಯುವ ಬಗೆಯನ್ನು ಮೊದಲು ತಿಳಿಯಬೇಕು.

ಕೆಳಗಿನ ಹಂತ

ಎಮ್ಮಾ 2002ರ ನವೆಂಬರ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದರು. ತಂದೆ ರುಮೇನಿಯಾದವರು, ತಾಯಿ ಚೀನಾದವರು. ಮಗುವಿಗೆ ಎರಡು ವರ್ಷವಾದಾಗ ಕುಟುಂಬ ಲಂಡನ್‌ಗೆ ಬಂತು. ಐದನೇ ವಯಸ್ಸಿಗೆ ಕೈಗೆ ರ‍್ಯಾಕೆಟ್ ಬಂತು.

ವೃತ್ತಿಪರ ಟೆನಿಸ್‌ಗೆ ಕಾಲಿಡುವವರು ಮೊದಲು ಆಡುವುದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಸಣ್ಣ ಟೂರ್ನಿಗಳಲ್ಲಿ. ಅಲ್ಲಿ ಟಿ.ವಿ. ಕ್ಯಾಮೆರಾ ಇರುವುದಿಲ್ಲ, ಪ್ರೇಕ್ಷಕರೂ ಬೆರಳೆಣಿಕೆಯಷ್ಟು. ಅತಿ ಕೆಳಗಿನ ದರ್ಜೆಯ ಟೂರ್ನಿಯಲ್ಲಿ ಎಲ್ಲ ಆಟಗಾರ್ತಿಯರಿಗೂ ಸೇರಿ ಇರುವ ಬಹುಮಾನ 15,000 ಡಾಲರ್. ವಿಮಾನ, ಹೋಟೆಲ್, ಕೋಚ್ ಖರ್ಚು ಕಳೆದರೆ ಗೆದ್ದವರಿಗೂ ಹೆಚ್ಚೇನೂ ಉಳಿಯುವುದಿಲ್ಲ. ಆದ್ದರಿಂದ ಈ ಹಂತದಲ್ಲಿ ನಿಲ್ಲಬೇಕಾದರೆ ಮನೆಯವರ ಹಣವೋ ರಾಷ್ಟ್ರೀಯ ಸಂಸ್ಥೆಯ ನೆರವೋ ಬೇಕೇ ಬೇಕು. ಎಮ್ಮಾಗೆ ಬ್ರಿಟನ್ನಿನ ಲಾನ್ ಟೆನಿಸ್ ಸಂಸ್ಥೆಯ ಬೆಂಬಲವಿತ್ತು.

2018ರಲ್ಲಿ ಇಸ್ರೇಲ್ ಮತ್ತು ಟರ್ಕಿಯಲ್ಲಿ ಇಂಥ ಟೂರ್ನಿಗಳನ್ನು ಗೆದ್ದ ಎಮ್ಮಾ, 2019ರ ಡಿಸೆಂಬರ್‌ನಲ್ಲಿ ನಮ್ಮ ಪುಣೆಗೂ ಬಂದು 25,000 ಡಾಲರ್ ಟೂರ್ನಿ ಗೆದ್ದರು. ಆ ಗೆಲುವಿಗೆ ಸಿಕ್ಕದ್ದು, ವಿಶ್ವ ಕ್ರಮಾಂಕವನ್ನು ನಿರ್ಧರಿಸುವ ಲೆಕ್ಕದಲ್ಲಿ, 50 ಪಾಯಿಂಟ್. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಣದಲ್ಲೂ ಇದೇ ಸಾಲಿನ ಮಹಿಳಾ ಟೂರ್ನಿಗಳು ನಡೆಯುತ್ತವೆ. ಅಲ್ಲಿ ಆಡಲು ಬರುವ ಅಪರಿಚಿತ ಹುಡುಗಿಯರೆಲ್ಲ ಇದೇ ದಾರಿಯ ಪಯಣಿಗರು.

ಒಳಗೆ ಹೋಗಲು ಮೂರು ದಾರಿ

ಗ್ರ್ಯಾನ್‌ಸ್ಲಾಮ್ ಮಹಿಳಾ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಸ್ಥಾನಗಳಿವೆ. ಅಮೆರಿಕ ಓಪನ್‌ನಲ್ಲಿ 104 ಮಂದಿಗೆ ಕ್ರಮಾಂಕದ ಬಲದಿಂದ ನೇರ ಪ್ರವೇಶ. ಎಂಟು ಮಂದಿಯನ್ನು ಸಂಘಟಕರೇ ಆರಿಸುತ್ತಾರೆ. ಇದು ವೈಲ್ಡ್ ಕಾರ್ಡ್. ಉಳಿದ 16 ಸ್ಥಾನಗಳಿಗೆ 128 ಮಂದಿ ಮೂರು ಅರ್ಹತಾ ಸುತ್ತುಗಳಲ್ಲಿ ಸೆಣಸುತ್ತಾರೆ.

2021ರ ಬೇಸಿಗೆಯಲ್ಲಿ ಶಾಲೆಯ ಅಂತಿಮ ಪರೀಕ್ಷೆ ಆಗಷ್ಟೇ ಮುಗಿಸಿದ್ದ ಎಮ್ಮಾ 338ನೇ ಕ್ರಮಾಂಕದಲ್ಲಿದ್ದರು. ಆದರೂ ವಿಂಬಲ್ಡನ್ ವೈಲ್ಡ್ ಕಾರ್ಡ್ ಕೊಟ್ಟಿತು. ಅವರು ನಾಲ್ಕನೇ ಸುತ್ತಿನವರೆಗೆ ಹೋದರು. ಅಲ್ಲಿ ಉಸಿರಾಟದ ತೊಂದರೆಯಾಗಿ ಪಂದ್ಯವನ್ನು ಅರ್ಧಕ್ಕೇ ಬಿಟ್ಟರು. ಅಲ್ಲಿ ಬಂದ 240 ಪಾಯಿಂಟ್‌ಗಳು ಅವರನ್ನು ಮೊದಲ ಇನ್ನೂರರೊಳಗೆ ತಂದವು. ನ್ಯೂಯಾರ್ಕ್‌ಗೆ ಹೋಗುವಾಗ ಕ್ರಮಾಂಕ 150. ಅರ್ಹತಾ ಸುತ್ತು ಮುಗಿಯುತ್ತಲೇ ಊರಿಗೆ ಮರಳಲು ವಿಮಾನದ ಟಿಕೆಟ್ ಕೂಡ ಕಾಯ್ದಿರಿಸಿದ್ದರು.

ಆ ಟಿಕೆಟ್ ಬಳಕೆಯಾಗಲಿಲ್ಲ. ಅರ್ಹತಾ ಸುತ್ತಿನ ಮೂರು, ಮುಖ್ಯ ಸುತ್ತಿನ ಏಳು, ಒಟ್ಟು ಹತ್ತು ಪಂದ್ಯಗಳಲ್ಲಿ 20 ಸೆಟ್ ಆಡಿ ಇಪ್ಪತ್ತನ್ನೂ ಗೆದ್ದರು. ಒಲಿಂಪಿಕ್ ಚಾಂಪಿಯನ್ ಬೆಲಿಂಡಾ ಬೆನ್ಸಿಚ್, ಗ್ರೀಸ್‌ನ ಮರಿಯಾ ಸಕ್ಕರಿ ಇಬ್ಬರೂ ಸೋತವರ ಸಾಲಿನಲ್ಲಿದ್ದರು. ಬ್ರಿಟನ್ನಿನ ಮಹಿಳೆಯೊಬ್ಬರು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು 1977ರ ವರ್ಜಿನಿಯಾ ವೇಡ್ ನಂತರ ಅದೇ ಮೊದಲು. ಬಹುಮಾನ 25 ಲಕ್ಷ ಡಾಲರ್, ಪುರುಷರ ಚಾಂಪಿಯನ್‌ಗೆ ಸಿಕ್ಕಷ್ಟೇ. ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಪಟ್ಟು ಹಿಡಿದ ಫಲವಾಗಿ ಅಮೆರಿಕ ಓಪನ್ 1973ರಿಂದಲೇ ಸಮಾನ ಬಹುಮಾನ ಕೊಡುತ್ತಿದೆ. ವಿಂಬಲ್ಡನ್ ಆ ನಿರ್ಧಾರಕ್ಕೆ ಬಂದದ್ದು 2007ರಲ್ಲಿ.

ಪಾಯಿಂಟ್‌ಗಳ ಆಯುಷ್ಯ

ಚಾಂಪಿಯನ್‌ಗೆ 2,000, ಅರ್ಹತಾ ಸುತ್ತು ದಾಟಿದ್ದಕ್ಕೆ ಇನ್ನೂ 40: ಮೂರು ವಾರದಲ್ಲಿ ಎಮ್ಮಾ ಖಾತೆಗೆ 2,040 ಪಾಯಿಂಟ್ ಸೇರಿದವು. ಪುಣೆಯಂಥ ಸುಮಾರು 40 ಟೂರ್ನಿ ಗೆದ್ದರೆ ಬರುವಷ್ಟು! ಕ್ರಮಾಂಕ 150ರಿಂದ 23ಕ್ಕೆ ನೆಗೆಯಿತು. 2022ರ ಜುಲೈನಲ್ಲಿ 10ಕ್ಕೂ ತಲುಪಿತು.

ಈ ಪಾಯಿಂಟ್‌ಗಳ ಆಯುಷ್ಯ 52 ವಾರ ಮಾತ್ರ. ಹೋದ ಸುಗ್ಗಿಯ ಕಾಳನ್ನು ಈ ವರ್ಷದ ಕಣಜದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮುಂದಿನ ವರ್ಷ ಅದೇ ಟೂರ್ನಿ ಬಂದಾಗ ಹಳೆಯ ಪಾಯಿಂಟ್ ಅಳಿಸಿಹೋಗಿ, ಹೊಸದಾಗಿ ಗಳಿಸಿದ್ದಷ್ಟೇ ಉಳಿಯುತ್ತದೆ. 2022ರ ಅಮೆರಿಕ ಓಪನ್‌ನ ಮೊದಲ ಸುತ್ತಿನಲ್ಲೇ ಎಮ್ಮಾ ಫ್ರಾನ್ಸ್‌ನ ಅಲಿಝೆ ಕಾರ್ನೆಗೆ ಸೋತರು. 2,040ರ ಜಾಗದಲ್ಲಿ 10 ಪಾಯಿಂಟ್ ಬಂದು ಕೂತಿತು. ಕ್ರಮಾಂಕ 11ರಿಂದ 83ಕ್ಕೆ ಕುಸಿಯಿತು. ಒಂದೇ ಸೋಲು ಅಷ್ಟು ದೊಡ್ಡ ಪೆಟ್ಟು ಕೊಟ್ಟದ್ದೇಕೆಂದರೆ ಅವರ ಗಳಿಕೆಯ ಬಹುಪಾಲು ಒಂದೇ ಟೂರ್ನಿಯಿಂದ ಬಂದಿತ್ತು.

ಮೂಲ ಸಮಸ್ಯೆಯೂ ಇಲ್ಲೇ ಇದೆ. ಸಾಮಾನ್ಯವಾಗಿ ಆಟಗಾರ್ತಿಯೊಬ್ಬಳು ಸಣ್ಣ ಟೂರ್ನಿಗಳಿಂದ ಮಹಿಳಾ ಟೆನಿಸ್ ಸಂಘದ (ಡಬ್ಲ್ಯುಟಿಎ) ಟೂರ್ನಿಗಳಿಗೆ ಬಂದು, ಅಲ್ಲಿ ಎರಡು ಮೂರು ವರ್ಷ ವಾರವಾರವೂ ಸೋತು ಗೆದ್ದು ಪಳಗುತ್ತಾಳೆ. ಎಮ್ಮಾಗೆ ಆ ನಡುವಿನ ಹಂತವೇ ಇರಲಿಲ್ಲ. ನಾಟಿಂಗ್‌ಹ್ಯಾಮ್, ವಿಂಬಲ್ಡನ್, ಸ್ಯಾನ್ ಹೋಸೆಯ ನಂತರ ಉನ್ನತ ಮಟ್ಟದಲ್ಲಿ ಅವರು ಮುಖ್ಯ ಸುತ್ತಿನಲ್ಲಿ ಆಡಿದ ನಾಲ್ಕನೇ ಟೂರ್ನಿಯೇ ಆ ಅಮೆರಿಕ ಓಪನ್. ಬೇರೆಯವರು ಮೊದಲು ಕಲಿತು ಆಮೇಲೆ ಗೆಲ್ಲುತ್ತಾರೆ. ಎಮ್ಮಾ ಗೆದ್ದ ಮೇಲೆ ಎಲ್ಲರ ಕಣ್ಣೆದುರಿಗೇ ಕಲಿಯಬೇಕಾಯಿತು.

ದೇಹ ಮತ್ತು ತಂಡ

ಕಲಿಕೆಗೆ ದೇಹವೂ ಸಿದ್ಧವಿರಲಿಲ್ಲ. ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಊರಿಂದೂರಿಗೆ ಅಲೆಯುತ್ತ, ಗಟ್ಟಿ ಅಂಗಣ, ಮಣ್ಣು, ಹುಲ್ಲು ಎಂದು ಬದಲಾಗುವ ನೆಲದ ಮೇಲೆ ಆಡುವ ತ್ರಾಣ ಒಂದೆರಡು ತಿಂಗಳಲ್ಲಿ ಬರುವಂಥದ್ದಲ್ಲ. 2023ರಲ್ಲಿ ಎರಡೂ ಕೈಗಳಿಗೆ ಮತ್ತು ಒಂದು ಪಾದದ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಆಟವಿಲ್ಲದೆ ಕ್ರಮಾಂಕ 300ರ ಆಚೆ ಹೋಯಿತು. ದೀರ್ಘ ಕಾಲ ಗಾಯದಿಂದ ದೂರ ಉಳಿದವರು ಕೆಲವು ಟೂರ್ನಿಗಳಿಗೆ ಹಳೆಯ ಕ್ರಮಾಂಕವನ್ನೇ ತೋರಿಸಿ ಪ್ರವೇಶ ಪಡೆಯಬಹುದು ಎಂಬ ನಿಯಮ ಇರುವುದು ಇಂಥವರಿಗಾಗಿಯೇ. ಆದರೆ ಅದು ಪ್ರವೇಶಕ್ಕೆ ಮಾತ್ರ. ಪಾಯಿಂಟ್‌ಗಳನ್ನು ಮತ್ತೆ ಒಂದೊಂದಾಗಿ ಗಳಿಸಲೇಬೇಕು.

ಕೋಚ್‌ಗಳೂ ಬದಲಾಗುತ್ತ ಹೋದರು. ಅಮೆರಿಕ ಓಪನ್ ಗೆಲ್ಲಿಸಿದ ಆಂಡ್ರ್ಯೂ ರಿಚರ್ಡ್‌ಸನ್ ಅವರನ್ನು ಅದೇ ತಿಂಗಳು ಬಿಟ್ಟ ಮೇಲೆ ಟಾರ್ಬೆನ್ ಬೆಲ್ಟ್ಜ್, ಡಿಮಿಟ್ರಿ ತುರ್ಸುನೊವ್, ಸೆಬಾಸ್ಟಿಯನ್ ಸಾಕ್ಸ್ ಬಂದು ಹೋದರು. ಟೆನಿಸ್‌ನಲ್ಲಿ ಕೋಚ್‌ಗೆ ಸಂಬಳ ಕೊಡುವವರೂ ಬೇಡವೆನ್ನುವವರೂ ಆಟಗಾರರೇ. 18ರ ಹುಡುಗಿಯ ಹೆಗಲಿಗೆ ಆಟದ ಜೊತೆಗೆ ಯಜಮಾನಿಕೆಯೂ ಬಿದ್ದಿತ್ತು.

2024ರ ಜೂನ್‌ನಲ್ಲಿ ಈಸ್ಟ್‌ಬರ್ನ್‌ನಲ್ಲಿ ಜೆಸ್ಸಿಕಾ ಪೆಗುಲಾ ಅವರನ್ನು ಎಮ್ಮಾ ಸೋಲಿಸಿದರು. ಮೊದಲ ಹತ್ತರೊಳಗಿನ ಆಟಗಾರ್ತಿಯ ಎದುರು ಅದು ಅವರ ಮೊದಲ ಗೆಲುವು. ಗ್ರ್ಯಾನ್‌ಸ್ಲಾಮ್ ಗೆದ್ದು ಹತ್ತಿರ ಹತ್ತಿರ ಮೂರು ವರ್ಷವಾಗಿತ್ತು! 2025ರಲ್ಲಿ ಮಯಾಮಿಯಲ್ಲಿ ಕ್ವಾರ್ಟರ್ ಫೈನಲ್, ವಾಷಿಂಗ್ಟನ್‌ನಲ್ಲಿ ಸೆಮಿಫೈನಲ್ ತಲುಪಿ ಮತ್ತೆ ಮೊದಲ 40ರೊಳಗೆ ಬಂದರು. ಆ ವರ್ಷದ ಕ್ರಮಾಂಕ ಒಂದೇ ಟೂರ್ನಿಯ ಕೊಡುಗೆಯಾಗಿರಲಿಲ್ಲ. ಹಲವು ಊರುಗಳಲ್ಲಿ ಗಳಿಸಿದ ಸಣ್ಣ ಮೊತ್ತಗಳು ಕೂಡಿ ಆದದ್ದು. ಆದ್ದರಿಂದ ಎಲ್ಲೋ ಒಂದು ಕಡೆ ಮೊದಲ ಸುತ್ತಿನಲ್ಲೇ ಸೋತರೂ ಅದು 2022ರಂತೆ ಪೂರ್ತಿ ಕುಸಿಯುವಂತಿರಲಿಲ್ಲ. 150ರಿಂದ 23ಕ್ಕೆ ಹಾರಿದ್ದು ಪ್ರತಿಭೆಯ ಸಾಕ್ಷಿ. 300ರ ಆಚೆಯಿಂದ 40ರೊಳಗೆ ಬಂದದ್ದನ್ನು ವೃತ್ತಿ ಎನ್ನಬೇಕು.