ಜೂಡೋ ಬೆಲ್ಟಿನ ಮೆಟ್ಟಿಲುಗಳು

ಹೊಸ ಬಿಳಿಯ ಬೆಲ್ಟು ಬಿರುಸಾದ ವಸ್ತು. ಅದರ ನಡುಭಾಗವನ್ನು ಹೊಕ್ಕುಳ ಕೆಳಗಿಟ್ಟು, ಸೊಂಟಕ್ಕೆ ಎರಡು ಸುತ್ತು ತಂದು, ಒಂದು ತುದಿಯನ್ನು ಎರಡೂ ಸುತ್ತುಗಳ ಅಡಿಯಿಂದ ಮೇಲಕ್ಕೆಳೆದು ಗಂಟು ಬಿಗಿದರೂ, ಅಭ್ಯಾಸ ಆರಂಭವಾಗಿ ಸ್ವಲ್ಪ ಹೊತ್ತಿನೊಳಗೆ ಅದು ಸಡಿಲಿ ಜಾರುತ್ತದೆ. ಜೂಡೋ ಕಲಿಯಲು ಬಂದ ಬಾಲಕನು ಮೊಣಕಾಲೂರಿ ಅದನ್ನು ಮತ್ತೆ ಕಟ್ಟಿಕೊಳ್ಳುವಾಗ ಅವನ ಕಣ್ಣು ಪಕ್ಕದ ಹಿರಿಯ ಹುಡುಗನ ಕಂದು ಬಣ್ಣದ ಬೆಲ್ಟಿನತ್ತ ಹೊರಳುತ್ತದೆ. ಅನೇಕ ಬಾರಿ ಒಗೆಸಿಕೊಂಡು ಮೆತ್ತಗಾದ ಆ ಬೆಲ್ಟು ಎಷ್ಟು ಎಳೆದಾಡಿದರೂ ಕಟ್ಟಿದಲ್ಲಿಯೇ ನಿಂತಿರುತ್ತದೆ. ಆ ಒಂದು ನೋಟದಲ್ಲಿ ಹುಟ್ಟುವ ಆಸೆಯನ್ನು ಕ್ಷುದ್ರವೆಂದು ತಿರಸ್ಕರಿಸುವುದು ಸುಲಭ. ಆದರೆ ಜೂಡೋವಿನ ಸ್ಥಾಪಕರಾದ ಜಿಗೊರೊ ಕಾನೊ ಅವರು ಹಾಗೆ ತಿರಸ್ಕರಿಸಲಿಲ್ಲ. ಆ ಆಸೆಯನ್ನೇ ವಿದ್ಯೆಯ ಸೇವೆಗೆ ಹಚ್ಚಿದರು.

1860ರಲ್ಲಿ ಜನಿಸಿದ ಕಾನೊ ದುರ್ಬಲ ಶರೀರದ, ಗಿಡ್ಡ ಆಕಾರದ ವಿದ್ಯಾರ್ಥಿ. ಸಹಪಾಠಿಗಳ ಪೀಡನೆಯನ್ನು ತಾಳಲಾರದೆ ಆತ್ಮರಕ್ಷಣೆಗೆಂದೇ 1877ರಲ್ಲಿ ಹಚಿನೊಸುಕೆ ಫುಕುದಾ ಎಂಬ ಜುಜುತ್ಸು ಗುರುವಿನ ಬಳಿ ಸೇರಿದವರು. ಒಂದು ದಿನ ಗುರು ತಮ್ಮನ್ನು ಎತ್ತಿ ಕೆಡವಿದಾಗ, ಕೈಯನ್ನು ಎಲ್ಲಿಟ್ಟಿರಿ, ಕಾಲನ್ನು ಹೇಗೆ ಚಾಚಿದಿರಿ ಎಂದು ಇವರು ಕೇಳಿದರಂತೆ. ಗುರು ವಿವರಣೆಗೆ ಹೋಗದೆ ಶಿಷ್ಯನನ್ನು ಮತ್ತೆ ಮತ್ತೆ ಕೆಡವಿದರು. ಬಿದ್ದು ಬಿದ್ದೇ ತಿಳಿಯಬೇಕೆಂಬುದು ಅವರ ಮತ. ಆ ಕಾಲದ ಪರಂಪರೆಯೂ ಅದೇ ಬಗೆಯದಾಗಿತ್ತು. ಶಿಷ್ಯನಾದವನು ವರ್ಷಗಟ್ಟಲೆ ಸೇವೆ ಮಾಡಿದ ಮೇಲೆ ಒಂದು ಸುರುಳಿಪತ್ರ, ಇನ್ನೂ ಅನೇಕ ವರ್ಷಗಳು ಕಳೆದ ಮೇಲೆ ಮತ್ತೊಂದು, ಕೊನೆಗೆ ಕಲಿಸುವ ಅಧಿಕಾರ ಪತ್ರ; ನಡುವಣ ದೀರ್ಘಾವಧಿಯಲ್ಲಿ ತಾನು ಮುಂದೆ ಸಾಗಿರುವೆನೋ ನಿಂತಲ್ಲೇ ನಿಂತಿರುವೆನೋ ಎಂಬುದನ್ನು ಅರಿಯುವ ಉಪಾಯವೇ ಅವನಿಗಿರಲಿಲ್ಲ.

1882ರಲ್ಲಿ ಟೋಕಿಯೋ ನಗರದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, ಹನ್ನೆರಡು ತತಾಮಿ ಚಾಪೆಗಳಷ್ಟು ನೆಲದಲ್ಲಿ, ಬೆರಳೆಣಿಕೆಯ ಶಿಷ್ಯರೊಡನೆ ಕೊಡೊಕಾನ್ ಶಾಲೆಯನ್ನು ತೆರೆದ ಕಾನೊ, ಮಾರನೆಯ ವರ್ಷವೇ ಶಿರೊ ಸೈಗೊ ಮತ್ತು ತ್ಸುನೆಜಿರೊ ತೊಮಿತಾ ಎಂಬ ಇಬ್ಬರಿಗೆ ‘ಶೊದಾನ್’ ಪದವಿಯನ್ನಿತ್ತರು. ‘ದಾನ್’ ಎಂಬ ಮಾತು ‘ಗೊ’ ಎಂಬ ಮಣೆಯಾಟದ ಲೋಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದುದು. ಮೆಟ್ಟಿಲೆಂದು ಅದರ ಅರ್ಥ. ಶೊದಾನ್ ಎಂದರೆ ಮೊದಲ ಮೆಟ್ಟಿಲು. ಅದಕ್ಕೂ ಕೆಳಗಿನವು ‘ಕ್ಯು’ ಶ್ರೇಣಿಗಳು. ಅವುಗಳ ಎಣಿಕೆ ಇಳಿಮುಖವಾದುದು: ಐದು, ನಾಲ್ಕು, ಮೂರು ಎಂದು ಒಂದಕ್ಕೆ ಬಂದು, ಅಲ್ಲಿಂದಾಚೆ ದಾನ್ ಎಣಿಕೆ ಏರುಮುಖವಾಗುತ್ತದೆ. ನಮ್ಮಲ್ಲಿ ಶೊದಾನ್ ಪಡೆದವರು ಕಟ್ಟುವ ಬ್ಲ್ಯಾಕ್ ಬೆಲ್ಟು ಎಂದರೆ ವಿದ್ಯೆ ಮುಗಿಯಿತೆಂದೇ ಭಾವಿಸುವವರು ಬಹಳ. ಕಾನೊ ಆ ಪದವಿಗೆ ಇಟ್ಟ ಹೆಸರು ಹೇಳುವುದಾದರೋ, ಏರುವಿಕೆ ಅಲ್ಲಿಂದ ಆರಂಭ ಎಂದು.

ಕರಿಯ ಪಟ್ಟಿ ಬಳಕೆಗೆ ಬಂದುದು 1886ರ ಸುಮಾರಿಗೆ. ಬಿಳಿಯ ಬೆಲ್ಟೇ ಬೆವರು ಧೂಳುಗಳಿಂದ ಕ್ರಮೇಣ ಕಪ್ಪಾಗಿ ಗೌರವದ ಕುರುಹಾಯಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕೇಳಲು ಸೊಗಸಾದರೂ ಅದಕ್ಕೆ ಚರಿತ್ರೆಯ ಆಧಾರವಿಲ್ಲ. ದಾನ್ ಪಡೆದವರನ್ನು ಪಡೆಯದವರಿಂದ ಪ್ರತ್ಯೇಕಿಸಿ ತೋರಿಸುವುದಕ್ಕೆಂದು ಬುದ್ಧಿಪೂರ್ವಕವಾಗಿ ಆರಿಸಿಕೊಂಡ ಬಣ್ಣ ಅದು. ಹಳದಿ, ಕಿತ್ತಳೆ, ಹಸಿರು, ನೀಲಿ ಮೊದಲಾದ ನಡುವಣ ಬಣ್ಣಗಳು ಯೂರೋಪಿನಲ್ಲಿ ಬೆಳೆದವು. 1935ರಲ್ಲಿ ಪ್ಯಾರಿಸ್ಸನ್ನು ಸೇರಿದ ಜೂಡೋ ಶಿಕ್ಷಕ ಮಿಕಿನೊಸುಕೆ ಕವೈಶಿ ಅವುಗಳಿಗೆ ವ್ಯಾಪಕ ಪ್ರಚಾರವನ್ನು ಒದಗಿಸಿದರು. ಆರನೆಯ ದಾನ್‌ನಿಂದ ಎಂಟನೆಯದರವರೆಗೆ ಕೆಂಪು ಬಿಳುಪು ಖಂಡಗಳ ಬೆಲ್ಟು, ಅದರಾಚೆ ಕೆಂಪು. 1924ರಲ್ಲಿ ಕರಾಟೆ ಗುರು ಗಿಚಿನ್ ಫುನಾಕೊಶಿ ಇದೇ ಪದ್ಧತಿಯನ್ನು ಕರಾಟೆಗೂ ತಂದುದರಿಂದ, ಇಂದು ನಮ್ಮ ಊರುಗಳ ಕರಾಟೆ ತರಗತಿಗಳಲ್ಲಿ ನಡೆಯುವ ‘ಗ್ರೇಡಿಂಗ್’ ಕೂಡ ಆ ದೇವಾಲಯದ ಹನ್ನೆರಡು ಚಾಪೆಗಳ ಸಂತತಿಯೇ.

ಇಷ್ಟಕ್ಕೂ ಬೆಲ್ಟು ಅಳೆಯುವುದು ಏನನ್ನು? ಕೆಡವುವ ಪಟ್ಟುಗಳನ್ನು ಎಂದು ಹೊರಗಿನವರು ಊಹಿಸುತ್ತಾರೆ. ಆದರೆ ಜೂಡೋ ಮೊದಲು ಕಲಿಸುವುದು ಬೀಳುವುದನ್ನು. ‘ಉಕೆಮಿ’ ಎಂಬ ಆ ಪಾಠದಲ್ಲಿ ಬಾಲಕನು ಕುಕ್ಕುರುಗಾಲಿನಲ್ಲಿ ಕುಳಿತು, ಕೈಗಳನ್ನು ಮುಂದೆ ಚಾಚಿ, ಬೆನ್ನನ್ನು ದುಂಡಗೆ ಬಾಗಿಸಿ ಹಿಂದಕ್ಕೆ ಉರುಳುತ್ತಾನೆ. ಬೆನ್ನು ನೆಲಕ್ಕೆ ತಗಲುವ ಕ್ಷಣದಲ್ಲಿಯೇ ಎರಡೂ ಅಂಗೈ ಮುಂಗೈಗಳಿಂದ ಚಾಪೆಯನ್ನು ಬಲವಾಗಿ ಹೊಡೆಯುತ್ತಾನೆ. ಹಾಗೆ ಉರುಳುವಾಗ ತಲೆಯ ಹಿಂಭಾಗ ನೆಲಕ್ಕೆ ಬಡಿಯದಂತೆ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಅದಕ್ಕಾಗಿ ಶಿಕ್ಷಕರು ಹೇಳಿಕೊಡುವ ಸೂತ್ರ ಬಹು ಸರಳವಾದುದು: ‘ಬೆಲ್ಟಿನ ಗಂಟನ್ನು ನೋಡು.’ ಕಣ್ಣು ಗಂಟಿನ ಮೇಲಿದ್ದರೆ ತಲೆ ತಾನಾಗಿಯೇ ನೆಲದಿಂದ ಮೇಲಿರುತ್ತದೆ. ಬೆಲ್ಟಿನಿಂದ ಶಿಷ್ಯನಿಗೆ ದೊರೆಯುವ ಮೊತ್ತಮೊದಲ ರಕ್ಷಣೆ ಇದು. ಅದಕ್ಕೆ ಬಣ್ಣದ ಹಂಗಿಲ್ಲ.

ಬೀಳುವ ಭಯ ಅಳಿದ ಮೇಲೆ, ಎದುರಾಳಿಯ ಸಮತೋಲವನ್ನು ಕದಲಿಸುವ ‘ಕುಜುಶಿ’, ಆ ಬಳಿಕ 1895ರಲ್ಲಿ ಕೊಡೊಕಾನ್ ಐದು ವರ್ಗಗಳಾಗಿ ವಿಂಗಡಿಸಿ 1920ರಲ್ಲಿ ಪರಿಷ್ಕರಿಸಿದ ನಲವತ್ತು ಎಸೆತಗಳು, ಅವುಗಳೊಡನೆ ನೆಲದ ಮೇಲಿನ ಹಿಡಿತಗಳು, ನಿಯತ ಕ್ರಮದ ‘ಕಾತಾ’, ಮುಕ್ತ ಸೆಣಸಾಟವಾದ ‘ರಾಂದೊರಿ’. ಪರೀಕ್ಷಕನು ಶಿಷ್ಯನ ಎಸೆತವನ್ನು ಮಾತ್ರವಲ್ಲದೆ, ಎಸೆಯುವಾಗ ಜೊತೆಗಾರನ ತೋಳನ್ನು ಕೊನೆಯವರೆಗೂ ಹಿಡಿದು ಅವನ ಪತನವನ್ನು ಹಗುರಗೊಳಿಸುವನೇ ಎಂಬುದನ್ನೂ ನೋಡುತ್ತಾನೆ. ನನಗಂತೂ ಈ ವಿದ್ಯೆಯ ಸಾರವೆಲ್ಲ ಆ ಹಿಡಿದ ತೋಳಿನಲ್ಲಿದೆ ಎನಿಸುತ್ತದೆ. ಸ್ಪರ್ಧೆಗೂ ಸ್ಥಾನವುಂಟು: 1884ರಿಂದ ಕೊಡೊಕಾನ್‌ನಲ್ಲಿ ನಡೆದುಬಂದಿರುವ ಕೆಂಪು ಬಿಳಿ ಪಕ್ಷಗಳ ಪಂದ್ಯದಲ್ಲಿ ಗೆದ್ದವನು ಕಣದಲ್ಲೇ ಉಳಿದು ಮುಂದಿನವನನ್ನು ಎದುರಿಸುತ್ತಾನೆ, ಸಾಲಾಗಿ ಹಲವರನ್ನು ಕೆಡವಿದವನಿಗೆ ಅಲ್ಲಿಯೇ ಬಡ್ತಿ ದೊರೆಯುವುದುಂಟು. ಇಂತಿಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟು ಎಂದು ಫಲಕ ತೂಗುಹಾಕಿ ಪೋಷಕರಿಂದ ಶುಲ್ಕ ಪಡೆಯುವ ತರಗತಿಗಳನ್ನು ಕಂಡಾಗ ಮನಸ್ಸು ನೋಯುತ್ತದೆ. ಬೀಳಲು ಬಾರದ ಮಗುವಿಗೆ ಬೆಲ್ಟನ್ನು ಮಾರುವುದು ಅದರ ಕೈಗೆ ಸುಳ್ಳು ಧೈರ್ಯವನ್ನು ಕೊಟ್ಟು ಬೀದಿಗೆ ಕಳುಹಿಸಿದಂತೆ.

ಮೆಟ್ಟಿಲನ್ನು ನಿರ್ಮಿಸಿದವರೇ ಸ್ತ್ರೀಯರ ಪಾಲಿಗೆ ಅದನ್ನು ಮುಚ್ಚಿಟ್ಟ ಪ್ರಸಂಗವೂ ಈ ಚರಿತ್ರೆಯಲ್ಲಿದೆ. 1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಶಿಂಜೊ ತಕಾಗಾಕಿ ಶಾಂತಿನಿಕೇತನಕ್ಕೆ ಬಂದು ಜೂಡೋ ಕಲಿಸಿದಾಗ ಅಲ್ಲಿನ ವಿದ್ಯಾರ್ಥಿನಿಯರೂ ಕಲಿತರು. ಕೊಡೊಕಾನ್‌ನಲ್ಲಿಯೂ ಸ್ತ್ರೀಯರ ವಿಭಾಗವಿತ್ತು. ಆದರೆ ಅವರ ಕರಿಯ ಬೆಲ್ಟಿನ ನಡುವೆ ಬಿಳಿಯ ಗೆರೆಯೊಂದು ಓಡುತ್ತಿತ್ತು. ಐದನೆಯ ದಾನ್‌ನ ಆಚೆ ಅವರಿಗೆ ದಾರಿಯೂ ಇರಲಿಲ್ಲ. ಕಾನೊ ಅವರ ಮೊದಲ ಗುರು ಹಚಿನೊಸುಕೆ ಫುಕುದಾ ಅವರ ಮೊಮ್ಮಗಳು ಕೇಯಿಕೊ, ಕಾನೊ ಅವರೇ ಕರೆದುದರಿಂದ 1935ರಲ್ಲಿ ಅಭ್ಯಾಸಕ್ಕೆ ಸೇರಿದವರು, 1953ರಲ್ಲಿ ಐದನೆಯ ದಾನ್ ಪಡೆದು ಅಲ್ಲಿಗೇ ನಿಂತರು. ಅಮೆರಿಕೆಗೆ ಹೋಗಿ ನೆಲಸಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ತ್ರೀಯರಿಗಾಗಿ ಶಾಲೆ ನಡೆಸಿದರು. ಶಿಷ್ಯೆಯರ ಒತ್ತಾಯದ ಮನವಿಗಳ ಫಲವಾಗಿ 1972ರಲ್ಲಿ, ಹತ್ತೊಂಬತ್ತು ವರ್ಷಗಳ ಮೇಲೆ, ಆರನೆಯ ದಾನ್ ಬಂದಿತು. 2006ರಲ್ಲಿ ಕೊಡೊಕಾನ್ ಒಂಬತ್ತನೆಯದನ್ನು ಕೊಟ್ಟಿತು. ಆ ಎತ್ತರಕ್ಕೆ ಏರಿದ ಮೊದಲ ಸ್ತ್ರೀ ಅವರು. 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಹತ್ತನೆಯದನ್ನು ನೀಡಿದಾಗ ಅವರಿಗೆ ತೊಂಬತ್ತೆಂಟು ವರ್ಷ. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಬಿದ್ದು ಬಿದ್ದೇ ಕಲಿಯಬೇಕೆಂದ ಅಜ್ಜನ ಪಾಠಶಾಲೆಗೆ ಕಾನೊ ಮೊದಲು ಕಾಲಿಟ್ಟು ಆಗ ನೂರಮೂವತ್ತಾರು ವರ್ಷಗಳಾಗಿದ್ದವು.